ಒಂದು ನಮೋ ಮರಿಯಾದಷ್ಟು ಕಹಿ

ಪೊಸೊ ಆಂಚೊ ಊರಿನಲ್ಲಿ ಎರಡು ವಿಷಗಳಿದ್ದವು. ಒಂದು, ರೈಲು ಹಳಿಯ ಉದ್ದಕ್ಕೂ ಯಾರ ಅಪ್ಪಣೆಯೂ ಇಲ್ಲದೆ ಬೆಳೆಯುತ್ತಿದ್ದ ತ್ರೊಂಪಿಯೊ ಗಿಡ. ಇನ್ನೊಂದು, ದೋನ್ಯಾ ಕ್ಲೆಮೆನ್ಸಿಯಾ ಬಾಯೆಸಾಳ ನಾಲಿಗೆ. ಮೊದಲನೆಯದನ್ನು ಕಂಡರೆ ಆಡು ಕೂಡ ಮುಖ ತಿರುಗಿಸಿಕೊಂಡು ಹೋಗುತ್ತಿತ್ತು. ಎರಡನೆಯದರ ಮುಂದೆ ಊರಿನ ಎಂಟು ಹೆಂಗಸರು ಪ್ರತಿ ಶನಿವಾರ ತಟ್ಟೆ ಹಿಡಿದು ಸಾಲಾಗಿ ನಿಲ್ಲಬೇಕಿತ್ತು. ಆಡಿಗಿದ್ದ ಸ್ವಾತಂತ್ರ್ಯ ಅವರಿಗಿರಲಿಲ್ಲ.

ತ್ರೊಂಪಿಯೊ ಹುಟ್ಟಿದ್ದು ಒಳ್ಳೆಯ ಮನೆತನದಲ್ಲೇ. ಟೊಮೇಟೊ, ಬದನೆ, ಮೆಣಸಿನಕಾಯಿ ಎಲ್ಲ ಅದರ ನೆಂಟರು. ಮರ್ಯಾದಸ್ಥರ ವಂಶದಲ್ಲೂ ಜೈಲು ಕಂಡು ಬಂದ ದಾಯಾದಿ ಒಬ್ಬನಿರುತ್ತಾನಲ್ಲ, ಇದು ಅಂಥದ್ದು. ಬೂದಿ ಬಳಿದುಕೊಂಡಂಥ ಎಲೆ, ಮೈತುಂಬ ಮುಳ್ಳು, ನೋಡುವವರ ಕಣ್ಣಿಗೆ ಮಣ್ಣೆರಚಲು ಚೆಂದದ ನೇರಳೆ ಹೂವು. ಹೂವು ಉದುರಿದ ಮೇಲೆ ಗೋಲಿಯಷ್ಟು ದಪ್ಪದ ಹಳದಿ ಹಣ್ಣು. ಬೇಲಿ ಮುರಿದು ಅದನ್ನು ಮೇಯ್ದ ಹಸು ಸಂಜೆಯೊಳಗೆ ಕಾಲು ಚಾಚುತ್ತದೆ. ಆದರೆ ಅದೇ ಹಣ್ಣನ್ನು ಹಿಮ ಬಿದ್ದ ಮೇಲೆ ಕಿತ್ತು, ಒಣಗಿಸಿ, ಜಜ್ಜಿ, ನೀರಿನಲ್ಲಿ ನೆನೆಸಿ, ಸೋಸಿದ ನೀರನ್ನು ಬೆಚ್ಚಗಿನ ಹಾಲಿಗೆ ಬಿಟ್ಟರೆ ಹಾಲು ಹೆಪ್ಪಾಗಿ ಕೂರುತ್ತದೆ. ಆ ಹೆಪ್ಪನ್ನು ಅದರಿಂದಲೇ ಇಳಿದ ತಿಳಿಯನ್ನು ಬಿಸಿ ಮಾಡಿ ಅದರಲ್ಲಿ ಅದ್ದಿ, ಅಂಗೈ ಸುಟ್ಟುಕೊಂಡು, ಎಳೆದು ಎಳೆದು ತಟ್ಟಿದರೆ ಅಸಾದೆರೊ. ತೆಳ್ಳಗೆ, ನಾರುನಾರಾಗಿ ಬಿಡಿಸಿಕೊಳ್ಳುವ ಚೀಸಿನ ಬಿಲ್ಲೆ. ಸುಟ್ಟ ಹಸಿಮೆಣಸಿನ ಜೊತೆ ಗೋದಿರೊಟ್ಟಿಯಲ್ಲಿ ಸುತ್ತಿ ಕೊಟ್ಟರೆ ರೈಲಿನವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಚಾಚುತ್ತಿದ್ದರು.

ಕಷ್ಟವೆಲ್ಲ ಅಳತೆಯದು. ಹಣ್ಣಿನ ನೀರು ಕಡಿಮೆಯಾದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಹೆಚ್ಚಾದರೆ ಕಹಿ. ಇನ್ನೂ ಹೆಚ್ಚಾದರೆ ತಿಂದವನು ಎರಡು ದಿನ ಹೊಟ್ಟೆ ಹಿಡಿದುಕೊಂಡು ತನಗೆ ಗೊತ್ತಿರುವ ಸಂತರನ್ನೆಲ್ಲ ಕರೆಯುತ್ತಾನೆ. ಇದಕ್ಕೆ ತಕ್ಕಡಿಯೂ ಇಲ್ಲ, ಸೇರೂ ಇಲ್ಲ. ನೆನೆಸಿದ ನೀರಿನ ಒಂದು ತೊಟ್ಟನ್ನು ನಾಲಿಗೆಯ ಮೇಲೆ ಬಿಟ್ಟುಕೊಂಡು 'ನಮೋ ಮರಿಯಾ' ಜಪ ಶುರು ಮಾಡಬೇಕು. 'ಆಮೆನ್' ಎನ್ನುವ ಹೊತ್ತಿಗೆ ಸರಿಯಾಗಿ ಕಹಿ ಇಳಿದಿರಬೇಕು. ಆಮೆನ್ ಆದರೂ ಕಹಿ ಕೂತೇ ಇದ್ದರೆ ನೀರು ಬೆರೆಸು. ಜಪದ ನಡುವೆ 'ಪಾಪಿಗಳಾದ ನಮಗಾಗಿ' ಎನ್ನುವ ಮೊದಲೇ ಎದ್ದು ಹೋದರೆ ಇನ್ನೊಂದು ಹಿಡಿ ಹಣ್ಣು ಹಾಕು. ಊರ ಹೆಂಗಸರು ಇಗರ್ಜಿಯಲ್ಲಿ ಹೇಳುವುದಕ್ಕಿಂತ ಹೆಚ್ಚು ಜಪ ಒಲೆಯ ಮುಂದೆ ಹೇಳುತ್ತಾರೆಂದು ಪಾದ್ರಿಗೆ ಒಳಗೊಳಗೇ ಕೊರಗು.

ಈ ವಿದ್ಯೆಯಲ್ಲಿ ಕ್ಲೆಮೆನ್ಸಿಯಾಳನ್ನು ಮೀರಿಸಿದವರಿಲ್ಲ ಎಂಬುದು ಊರಿಗೆ ಊರೇ ಒಪ್ಪಿದ ಮಾತು. ಒಪ್ಪದಿದ್ದವರನ್ನು ಅವಳೇ ಒಪ್ಪಿಸಿದ್ದಳು. ಒಬ್ಬಳ ಚೀಸು ಕೆಟ್ಟರೆ ಊರಿನ ಹೆಸರೇ ಕೆಡುತ್ತದೆ ಎಂಬ ಕಾರಣಕ್ಕೆ, ರೈಲು ಬರುವ ಮುಂಚೆ ಹಿರಿಯಳೊಬ್ಬಳು ಎಲ್ಲರ ತಟ್ಟೆಯಿಂದ ಚೂರು ಮುರಿದು ರುಚಿ ನೋಡಿ, ಯಾರು ರೈಲಿನ ಯಾವ ಡಬ್ಬಿಯ ಮುಂದೆ ನಿಲ್ಲಬೇಕೆಂದು ಹೇಳುವ ಪದ್ಧತಿ ಹಿಂದಿನಿಂದಲೂ ಇತ್ತು. ಕ್ಲೆಮೆನ್ಸಿಯಾ ಆ ಪದ್ಧತಿಯನ್ನು ಸಿಂಹಾಸನ ಮಾಡಿಕೊಂಡಿದ್ದಳು. ನಿಜವಾಗಿಯೇ ಒಂದು ಬೆತ್ತದ ಕುರ್ಚಿ ಇತ್ತು. ಅವಳ ಗಂಡ ದೋನ್ ಗುಮೆರ್ಸಿಂದೊ ಅದನ್ನು ತಲೆಯ ಮೇಲೆ ಹೊತ್ತು ತಂದು ಪ್ಲಾಟ್‌ಫಾರಂ ಮೇಲೆ ಇಟ್ಟು, ಧೂಳು ಒರೆಸಿ, ತಾನು ದೂರ ಹೋಗಿ ನೀರಿನ ತೊಟ್ಟಿಯ ನೆರಳಲ್ಲಿ ನಿಲ್ಲುತ್ತಿದ್ದ. ಮೊದಲ ದರ್ಜೆಯ ಡಬ್ಬಿ ಯಾವಾಗಲೂ ಅವಳದೇ. ಅವಳ ಚೀಸನ್ನು ಯಾರೂ ರುಚಿ ನೋಡುತ್ತಿರಲಿಲ್ಲ. ಪಾದ್ರಿಗೆ ಪಾಪನಿವೇದನೆ ಮಾಡಿಸುವವರು ಯಾರು?

ತೀರ್ಪುಗಳನ್ನು ಅವಳು ಗಟ್ಟಿಯಾಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಕೊಡುತ್ತಿದ್ದಳು.

"ಪೆತ್ರಾ, ನಿನ್ನ ಗಂಡ ಯಾವ ಕಾಯಿಲೇಲಿ ಹೋದ ಅಂತ ಡಾಕ್ಟರಿಗೆ ಕೊನೆಗೂ ಗೊತ್ತಾಗಲಿಲ್ಲ ಅಲ್ವಾ? ನನಗೆ ಇವತ್ತು ಗೊತ್ತಾಯ್ತು."

ವಿಧವೆ ಪೆತ್ರಾ ತಟ್ಟೆಯ ಮೇಲೆ ಬಟ್ಟೆ ಎಳೆದುಕೊಂಡಳು. ಗಂಡ ಸತ್ತು ಆಗ ಇನ್ನೂ ಒಂದು ತಿಂಗಳಾಗಿರಲಿಲ್ಲ.

"ಹೋಗು, ಮೂರನೇ ದರ್ಜೆ ಮುಂದೆ ನಿಂತ್ಕೊ. ಅವರು ಹೇಗೂ ಅಳ್ತಾನೇ ಪ್ರಯಾಣ ಮಾಡೋರು."

ಆದರೆ ಇವೆಲ್ಲ ಬರೀ ಮಾತು. ರೊಮಾನಾಳಿಗೆ ಆದದ್ದು ಮಾತಿನಲ್ಲಿ ಮುಗಿಯಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯಾಗಿ ಊರಿಗೆ ಬಂದ ಹೊಸತರಲ್ಲಿ, ರೊಮಾನಾ ತನ್ನ ಮೊದಲ ತಟ್ಟೆ ಹಿಡಿದು ಬಂದಿದ್ದಳು. ಕ್ಲೆಮೆನ್ಸಿಯಾ ಚೂರು ಬಾಯಿಗಿಟ್ಟು, ಉಗಿದು, ಇಡೀ ಬಿಲ್ಲೆಯೊಂದನ್ನು ಎತ್ತಿ ಅವಳ ಕೈಗೆ ಕೊಟ್ಟಳು. "ನೀನೇ ತಿನ್ನು. ಪೂರ್ತಿ. ಇನ್ನೊಬ್ಬರ ಹೊಟ್ಟೆಗೆ ಏನು ಹಾಕಕ್ಕೆ ಹೊರಟಿದ್ದೆ ಅಂತ ನಿನಗೂ ಗೊತ್ತಾಗ್ಲಿ." ಹತ್ತೊಂಬತ್ತರ ಹುಡುಗಿ ಎಲ್ಲರ ಮುಂದೆ ನಿಂತು, ಕಣ್ಣಲ್ಲಿ ನೀರು ಸುರಿಸುತ್ತ, ಕೊನೆಯ ಚೂರಿನವರೆಗೂ ತಿಂದಳು. ಎರಡು ದಿನ ಮಲಗಿದಳು. ಮೂರನೆಯ ದಿನ ಕ್ಲೆಮೆನ್ಸಿಯಾ ಕೋಳಿಸಾರು ಹಿಡಿದುಕೊಂಡು ಬಂದು, ತಲೆ ಸವರಿ ಹೇಳಿದಳು: "ನಿನ್ನ ಕೈ ಹಣ್ಣಿಗಲ್ಲ ಕಣೆ, ಮರದ ಹುಟ್ಟಿಗೆ. ಬಾ, ನನ್ನ ಕೊಪ್ಪರಿಗೆ ತಿರುವು."

ಅಂದಿನಿಂದ ರೊಮಾನಾ ತಿರುವುತ್ತಲೇ ಇದ್ದಳು. ದಿನಕ್ಕೆ ಎರಡು ಲೀಟರ್ ಹಾಲು, ಉಳಿದ ತಿಳಿ ಅವಳ ಪಾಲು. ಅವಳಿಗೆ ಮಗಳು ಹುಟ್ಟಿದಾಗ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವಳೂ ಕ್ಲೆಮೆನ್ಸಿಯಾಳೇ. ಹಾಗೆ ಇಬ್ಬರೂ ಕೊಮಾದ್ರೆಯರಾದರು. ಕೊಮಾದ್ರೆ ಎಂದರೆ ಒಡಹುಟ್ಟಿಗಿಂತ ಹೆಚ್ಚು, ಅವರ ನಡುವೆ 'ನೀನು' ಎನ್ನುವಂತಿಲ್ಲ. ಅಲ್ಲಿಂದ ಮುಂದೆ ಬೈಗುಳವೆಲ್ಲ ಬಹುವಚನದಲ್ಲಿ ಬೀಳತೊಡಗಿತು.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಕ್ಲೆಮೆನ್ಸಿಯಾಳಿಗೆ ಜ್ವರ ಬಂತು. ಹತ್ತು ದಿನ ಸುಟ್ಟು ಬಿಟ್ಟಿತು. ಹೋಗುವಾಗ ಬರಿಗೈಲಿ ಹೋಗಲಿಲ್ಲ, ಅವಳ ನಾಲಿಗೆಯ ರುಚಿಯನ್ನು ಎತ್ತಿಕೊಂಡು ಹೋಯಿತು. ಮೊದಲು ಗೊತ್ತಾಗಬೇಕಾದದ್ದು ಗಂಡನಿಗೆ. ಹುರುಳಿಕಾಯಿ ಬೀಜದ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಕಾಫಿಗೆ ಒಂದು ಸಲವೂ ಸಕ್ಕರೆ ಬೀಳಲಿಲ್ಲ. ಗುಮೆರ್ಸಿಂದೊ ಎರಡನ್ನೂ ಮುಗಿಸಿ, "ಚೆನ್ನಾಗಿದೆ" ಎಂದು ಎದ್ದು ಹೋದ. ನಲವತ್ತು ವರ್ಷದಿಂದ ಅವನು ಆ ಮನೆಯಲ್ಲಿ ಆಡುತ್ತಿದ್ದ ಮಾತು ಅದೊಂದೇ.

ನಾಲಿಗೆ ಕೆಟ್ಟಿದೆ ಎಂದು ನಾಲಿಗೆಯೇ ಹೇಳುವುದಿಲ್ಲ. ಕ್ಲೆಮೆನ್ಸಿಯಾ ತೊಟ್ಟು ಬಿಟ್ಟುಕೊಂಡು ಜಪ ಶುರು ಮಾಡಿದರೆ, 'ಮರಿಯಾ' ಎನ್ನುವಷ್ಟರಲ್ಲಿ ಬಾಯಿ ಸಪ್ಪೆ.

"ಈ ವರ್ಷ ಮಳೆ ಜಾಸ್ತಿ ಆಯ್ತು, ಹಣ್ಣಿಗೆ ಸತ್ವಾನೇ ಇಲ್ಲ," ಎಂದು ಇನ್ನೊಂದು ಹಿಡಿ ಹಾಕಿದಳು.

ಮರುವರ್ಷ, "ಈ ವರ್ಷ ಮಳೇನೇ ಇಲ್ಲ, ಹಣ್ಣಿಗೆ ಸತ್ವ ಎಲ್ಲಿಂದ ಬರುತ್ತೆ," ಎಂದು ಎರಡು ಹಿಡಿ ಹಾಕಿದಳು.

ಅವಳು ಬೆನ್ನು ತಿರುಗಿಸಿದ ತಕ್ಷಣ ರೊಮಾನಾ ಪಾತ್ರೆಗೆ ಕೈ ಹಾಕಿ, ಅರ್ಧ ಹಣ್ಣನ್ನು ತೆಗೆದು ಒಲೆಗೆ ಎಸೆದು, ಒಂದು ಚೊಂಬು ನೀರು ಬೆರೆಸಿ, ತನ್ನ ನಾಲಿಗೆಯ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ತುಟಿ ಅಲುಗಿಸದೆ ಜಪ ಹೇಳುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು. ಯಾಕೆ ಮಾಡಿದಳೆಂದು ಕೇಳಿದರೆ ಅವಳಿಗೂ ಉತ್ತರ ಗೊತ್ತಿದ್ದಿರಲಾರದು. ಕರುಣೆ ಸ್ವಲ್ಪ, ಹೆದರಿಕೆ ಸ್ವಲ್ಪ, ಎರಡು ಲೀಟರ್ ಹಾಲು ಸ್ವಲ್ಪ. ಮೊದಲ ದರ್ಜೆಯವರು ಮಾತ್ರ "ದೋನ್ಯಾ ಕ್ಲೆಮೆನ್ಸಿಯಾಳ ಕೈಗೆ ಸಮ ಇಲ್ಲ" ಎಂದು ಹೊಗಳುತ್ತಲೇ ಇದ್ದರು. ಹೊಗಳಿದ್ದು ಯಾರ ಕೈ ಎಂದು ರೊಮಾನಾಳೊಬ್ಬಳಿಗೆ ಗೊತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಹಾಲಿನವನನ್ನು ಬೈಯಲು ಹೊರಟ ಕ್ಲೆಮೆನ್ಸಿಯಾ, ಶಾಲು ಮರೆತದ್ದು ನೆನಪಾಗಿ ಬಾಗಿಲಿನಿಂದ ವಾಪಸು ಬಂದಳು. ರೊಮಾನಾಳ ಮುಷ್ಟಿ ಪಾತ್ರೆಯ ಮೇಲಿತ್ತು. ಬೆರಳ ಸಂದಿಯಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು.

"ಏನದು ಕೈಲಿ?"

ರೊಮಾನಾ ಮುಷ್ಟಿ ಬಿಡಿಸಿದಳು. "ಹಣ್ಣು ಒಂದಿಷ್ಟು ಜಾಸ್ತಿ ಆಗಿತ್ತು, ಕೊಮಾದ್ರೆ."

"ಜಾಸ್ತಿ ಆಗಿದೆ ಅಂತ ಹೇಳಿದ್ದು ಯಾರು?"

"ನಾಲಿಗೆ ಮೇಲೆ ಬಿಟ್ಕೊಂಡು ನೋಡ್ದೆ."

"ನಿಮ್ಮ ನಾಲಿಗೆ ಮೇಲೆ." ಕ್ಲೆಮೆನ್ಸಿಯಾ ನಕ್ಕಳು. "ಇಪ್ಪತ್ತೆರಡು ವರ್ಷದ ಹಿಂದೆ ನೋಡಿದ್ದೆ ಅದರ ಯೋಗ್ಯತೆ. ಎಷ್ಟು ದಿನದಿಂದ ಕದೀತಿದೀರಿ?"

ರೊಮಾನಾ ಹಣ್ಣನ್ನು ಪಾತ್ರೆಗೆ ವಾಪಸು ಹಾಕಿ ಕೈ ಒರೆಸಿಕೊಂಡಳು. ಎರಡು ವರ್ಷ ಎಂದು ಹೇಳಿದ್ದರೆ ಎಲ್ಲ ಹೇಳಿದಂತಾಗುತ್ತಿತ್ತು.

ಮರುದಿನ ಪ್ಲಾಟ್‌ಫಾರಂ ಮೇಲೆ, ಬೆತ್ತದ ಕುರ್ಚಿಯಿಂದ, ವಿಚಾರಣೆ ನಡೆಯಿತು. ಕೊಮಾದ್ರೆ ಎಂದು ನಂಬಿದವಳು ಹಣ್ಣು ಕದ್ದು ತನ್ನ ಚೀಸು ಕೆಡಿಸಲು ನೋಡಿದಳೆಂದು, ಅನ್ನ ಹಾಕಿದ ಕೈ ಕಚ್ಚುವ ಜಾತಿ ಎಂದು, ಇವಳ ಮಗಳನ್ನು ತಾನು ಎತ್ತಿ ಹಿಡಿದ ದಿನ ತನ್ನ ಕೈ ಸೇದಿಹೋಗಬಾರದಿತ್ತೇ ಎಂದು. ಹೆಂಗಸರು ನೆಲ ನೋಡುತ್ತ ಕೇಳಿದರು.

"ನಾಳೆಯಿಂದ ನನ್ನ ಹೊಸ್ತಿಲು ತುಳೀಬೇಡಿ. ಏನಾದ್ರೂ ಹೇಳೋದಿದೆಯಾ?"

ರೊಮಾನಾ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು, ನುಂಗಿದಳು.

"ನೀವು ಹೇಳಿದ ಹಾಗೆ, ಕೊಮಾದ್ರೆ."

ಆ ದಿನದ ಚೀಸು ಕ್ಲೆಮೆನ್ಸಿಯಾ ಒಬ್ಬಳೇ ಮಾಡಿದ್ದು. ಯಾರೂ ಕದಿಯದ, ಪೂರ್ತಿ ಹಣ್ಣಿನದು. ಮೊದಲ ದರ್ಜೆಯವರು ಯಥಾಪ್ರಕಾರ ಕೊಂಡರು, ರೈಲು ಯಥಾಪ್ರಕಾರ ಹೊರಟಿತು. ರೈಲಿನ ವ್ಯಾಪಾರದಲ್ಲಿ ಒಂದು ಸುಖವಿದೆ: ಗಿರಾಕಿ ಬಾಯಿಗಿಡುವ ಹೊತ್ತಿಗೆ ಗಾಡಿ ಮುಂದೆ ಹೋಗಿರುತ್ತದೆ. ಆದರೆ ಹೋದ ಗಾಡಿ ಭಾನುವಾರ ವಾಪಸು ಬರುತ್ತದೆ. ಬಂತು. ಕಂಡಕ್ಟರ್ ದೋನ್ ಫಿದೆಲ್ ಇಳಿದು, ಒಂದೊಂದೇ ಕಚ್ಚು ಬಿದ್ದ ಬಿಲ್ಲೆಗಳ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿದ.

"ದೋನ್ಯಾ, ಚಿವಾವಾ ನಗರದವರೆಗೂ ಮೊದಲ ದರ್ಜೆಯ ಶೌಚಾಲಯದ ಮುಂದೆ ಸಾಲು. ನ್ಯಾಯಾಧೀಶರೊಬ್ಬರು ಟೋಪಿ ಒಳಗೇ ವಾಂತಿ ಮಾಡ್ಕೊಂಡ್ರು. ಅವರ ಟೋಪಿಯೇ, ಪುಣ್ಯಕ್ಕೆ."

"ನಿಮ್ಮ ರೈಲಿನ ನೀರು ಕೆಟ್ಟಿರುತ್ತೆ," ಎಂದಳು ಕ್ಲೆಮೆನ್ಸಿಯಾ.

"ಮೂರನೇ ದರ್ಜೆಯವರೂ ಅದೇ ನೀರು ಕುಡಿದ್ರು. ಪೆತ್ರಾ ಕೊಟ್ಟ ಚೀಸು ತಿಂದ್ರು. ಹಾಡ್ತಾ ಹೋದ್ರು."

ಪೆತ್ರಾ ಅಲ್ಲೇ ನಿಂತಿದ್ದಳು. ಬಹಳ ದಿನದ ಮೇಲೆ ಅವಳ ಮುಖಕ್ಕೆ ಬಣ್ಣ ಬಂದಿತ್ತು.

ಮನೆಗೆ ಬಂದು ಕ್ಲೆಮೆನ್ಸಿಯಾ ಒಂದು ಬಿಲ್ಲೆ ಮುರಿದು ತಿಂದಳು. ಏನೂ ತಪ್ಪಿರಲಿಲ್ಲ. ಇನ್ನೊಂದು ಚೂರನ್ನು ಕನೇಲೊನಿಗೆ ಎಸೆದಳು. ಕನೇಲೊ ಆ ಮನೆಯ ಕೆಂಚು ನಾಯಿ, ಸಾಬೂನು ಸಿಕ್ಕಿದರೂ ಬಿಡುವ ಪೈಕಿಯಲ್ಲ. ಚೂರನ್ನು ಗಾಳಿಯಲ್ಲೇ ಹಿಡಿದು, ಬಾಯಿ ಅಗಲಿಸಿ, ನಾಲಿಗೆಯಿಂದ ಹೊರಗೆ ತಳ್ಳಿ, ನೆಲಕ್ಕೆ ಮೂತಿ ಉಜ್ಜತೊಡಗಿತು. ಅವಳು ಅದಕ್ಕೊಂದು ಒದೆ ಕೊಟ್ಟಳು. ಆದರೆ ಆ ವಾರವೆಲ್ಲ ಒಲೆಯ ಮುಂದೆ ಕೂತಾಗ ನಾಯಿಯ ಮೂತಿಯೇ ಕಣ್ಣಿಗೆ ಕಟ್ಟುತ್ತಿತ್ತು. ಜಪವನ್ನು ನಿಧಾನವಾಗಿ ಹೇಳಿ ನೋಡಿದಳು, ಬೇಗ ಹೇಳಿ ನೋಡಿದಳು, ಮೂರು ತೊಟ್ಟು ಬಿಟ್ಟುಕೊಂಡು ನೋಡಿದಳು. ಯಾವಾಗ ನೋಡಿದರೂ ಬಾಯಲ್ಲಿ ಮಳೆನೀರು.

ಶುಕ್ರವಾರ ಸಂಜೆ ಹೊಸದಾಗಿ ತಟ್ಟಿದ ಬಿಲ್ಲೆಯೊಂದನ್ನು ಬಟ್ಟೆಯೊಳಗೆ ಮುಚ್ಚಿಕೊಂಡು, ಯಾರಿಗೂ ಕಾಣದ ಹಾಗೆ ಹಿತ್ತಲ ದಾರಿಯಿಂದ, ಅವಳು ರೊಮಾನಾಳ ಬಾಗಿಲಿಗೆ ಹೋದಳು. ಅರವತ್ತೊಂದು ವರ್ಷದಲ್ಲಿ ಅವಳು ಒಬ್ಬರ ಬಾಗಿಲಿಗೆ ಏನನ್ನಾದರೂ ಕೇಳಿಕೊಂಡು ಹೋದದ್ದು ಅದೇ ಮೊದಲು. ಒಂದು ಮಾತು ಬೇಕಿತ್ತು, ಅಷ್ಟೆ. ನಾಲಿಗೆ ಹೋಗಿದ್ದರೆ ಕುರ್ಚಿ ಹೋಯಿತು, ಡಬ್ಬಿ ಹೋಯಿತು, ಹೆಸರು ಹೋಯಿತು. ಹೋಗಿಲ್ಲ ಎಂದು ಒಬ್ಬರು ಹೇಳಿದರೆ ಎಲ್ಲ ಉಳಿಯಿತು. ಹಾಗೆ ಹೇಳಬಲ್ಲ ನಾಲಿಗೆ ಊರಲ್ಲಿ ಇನ್ನೊಂದೇ ಇದೆಯೆಂಬುದು ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತೇನೋ. ಇಲ್ಲದಿದ್ದರೆ ಹತ್ತೊಂಬತ್ತರ ಹುಡುಗಿಯನ್ನು ಕರೆದು ತನ್ನ ಕೊಪ್ಪರಿಗೆಗೆ ಕಟ್ಟಿಹಾಕುವ ಕೆಲಸವೇನಿತ್ತು?

"ನೋಡಿ ಹೇಳಿ," ಎಂದಳು. ಕ್ಷಮಿಸಿ ಎನ್ನಬೇಕೆಂದು ದಾರಿಯಲ್ಲಿ ಅಂದುಕೊಂಡು ಬಂದಿದ್ದಳು, ಅದು ಹಿತ್ತಲಲ್ಲೇ ಎಲ್ಲೋ ಬಿದ್ದುಹೋಗಿತ್ತು.

"ಒಳಗೆ ಬನ್ನಿ, ಕೊಮಾದ್ರೆ."

"ಇಲ್ಲೇ ಪರವಾಗಿಲ್ಲ. ನೋಡಿ ಹೇಳಿ."

ರೊಮಾನಾ ಚೂರು ಮುರಿದು ಬಾಯಿಗಿಟ್ಟಳು. ಅಗಿದಳು. ಕ್ಲೆಮೆನ್ಸಿಯಾ ಅವಳ ಮುಖವನ್ನೇ ನೋಡುತ್ತ ಮನಸ್ಸಿನಲ್ಲಿ ಜಪ ಎಣಿಸಿದಳು. ಒಂದು ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯದರ ನಡುವೆ ರೊಮಾನಾ ನುಂಗಿದಳು. ಹುಬ್ಬು ಒಂದಿಷ್ಟೂ ಗಂಟಾಗಲಿಲ್ಲ.

"ಯಾವತ್ತಿನ ಹಾಗೇ ಇದೆ, ಕೊಮಾದ್ರೆ."

"ನಿಜ ಹೇಳಿ."

"ನಿಮಗೆ ಸುಳ್ಳು ಹೇಳೋ ಧೈರ್ಯ ಈ ಊರಲ್ಲಿ ಯಾರಿಗಿದೆ? ನಿಜ ಹೇಳಬೇಕಂದ್ರೆ ಇಷ್ಟು ಚೆನ್ನಾಗಿ ಈ ಎರಡು ವರ್ಷದಲ್ಲಿ ಆಗಿರಲಿಲ್ಲ."

ಕ್ಲೆಮೆನ್ಸಿಯಾಳ ಮೈ ಹಗುರಾಯಿತು. "ಹಣ್ಣು ಕದ್ದರೆ ಚೆನ್ನಾಗಿ ಹೇಗೆ ಆಗುತ್ತೆ ಹೇಳಿ," ಎಂದು ತಿರುಗಿ ಹೊರಟಳು. ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಒಳಗೆ ಯಾರೋ ಬಾಯಿ ಮುಕ್ಕಳಿಸಿ ಉಗುಳುವ ಸದ್ದು, ಮತ್ತೆ ಮುಕ್ಕಳಿಸುವ ಸದ್ದು ಕೇಳಿಸಿತು. ಪಾತ್ರೆ ತೊಳೆಯುತ್ತಿದ್ದಾಳೆ ಎಂದುಕೊಂಡಳು.

ಶನಿವಾರ ಗುಮೆರ್ಸಿಂದೊ ಕುರ್ಚಿ ಇಟ್ಟು ಹೋದ. ಹೆಂಗಸರು ಬಂದರು. ಆದರೆ ಸಾಲಾಗಿ ನಿಲ್ಲಲಿಲ್ಲ, ಗುಂಪಾಗಿ ನಿಂತರು. ಪೆತ್ರಾ ಮುಂದೆ ಬಂದಳು.

"ದೋನ್ಯಾ, ಇವತ್ತು ನಿಮ್ಮದರಿಂದಲೇ ಶುರು ಮಾಡೋಣ ಅಂತ ನಮ್ಮ ಆಸೆ."

"ನನ್ನದನ್ನ ನೋಡೋಕೆ ನೀನು ಯಾರೆ?"

"ಯಾರೂ ಅಲ್ಲ. ಮೂರನೇ ದರ್ಜೆಯವಳು."

ಯಾರೋ ಕಿಸಕ್ಕೆಂದರು. ಆ ನಗು ಯಾರದೆಂದು ಹುಡುಕುತ್ತ ಹೋದ ಕ್ಲೆಮೆನ್ಸಿಯಾಳ ಕಣ್ಣಿಗೆ ಗುಂಪಿನ ಹಿಂದೆ ರೊಮಾನಾ ಕಂಡಳು. ಅವಳ ತೋಳಿನ ಮೇಲೆ ಬಟ್ಟೆ ಮುಚ್ಚಿದ ಏನೋ ಇತ್ತು.

"ನಿನಗೇಕೆ ಕೊಡಬೇಕು?" ಎಂದು ಕ್ಲೆಮೆನ್ಸಿಯಾ ಎದ್ದು ನಿಂತಳು. "ನಾನೇ ತಿಂದು ತೋರಿಸ್ತೀನಿ. ಕಣ್ಣು ಬಿಟ್ಕೊಂಡು ನೋಡಿ."

ಒಂದು ಬಿಲ್ಲೆ ಎತ್ತಿ ಇಡಿಯಾಗಿ ತಿಂದಳು. ನಗುನಗುತ್ತ, ಬೆರಳು ಚೀಪುತ್ತ ತಿಂದಳು. ಅವಳ ನಾಲಿಗೆಗೆ ಅದು ಬೆಚ್ಚಗಿನ ಬಟ್ಟೆಯ ಹಾಗಿತ್ತು.

"ಇನ್ನೊಂದು ತಗೊಳ್ಳಿ, ಕೊಮಾದ್ರೆ," ಎಂದಳು ರೊಮಾನಾ ಹಿಂದಿನಿಂದ, ಮೆತ್ತಗೆ. "ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕ್ಕೊಂಡಿಲ್ಲ ನೀವು."

ಇನ್ನೊಂದು ತಿಂದಳು. ಜಂಬ ಹಸಿವಿಗಿಂತ ದೊಡ್ಡದು, ಮೂರನೆಯದನ್ನೂ ತಿಂದಳು. ಅಷ್ಟರಲ್ಲಿ ಪೆತ್ರಾ ಅವಳ ತಟ್ಟೆಯಿಂದ ಉಗುರಿನಷ್ಟು ಚೂರು ಮುರಿದು ಬಾಯಿಗಿಟ್ಟವಳು, ಬಗ್ಗಿ ಉಗಿದು, ಶಾಲಿನ ಅಂಚಿನಿಂದ ನಾಲಿಗೆ ಒರೆಸಿಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಚೂರು ಮುರಿದರು, ಒಬ್ಬೊಬ್ಬರಾಗಿ ಉಗಿದರು. ಕ್ಲೆಮೆನ್ಸಿಯಾ ಮೂರನೆಯ ಬಿಲ್ಲೆಯ ಕೊನೆಯ ಚೂರನ್ನು ಅಗಿಯುತ್ತ ಅವರನ್ನು ನೋಡುತ್ತಿದ್ದಳು. ಅಗಿಯುವುದು ನಿಧಾನವಾಯಿತು. ನಿಂತಿತು.

"ನಾಲಿಗೆ ಸತ್ತೋಗಿದೆ," ಎಂದಳು ಪೆತ್ರಾ, ಹವಾಮಾನದ ಮಾತಾಡುವ ಹಾಗೆ. "ಎಷ್ಟು ದಿನ ಆಯ್ತೋ ಏನೋ. ಅದೇ ನಾಲಿಗೇಲಿ ನಮಗೆ ತೀರ್ಪು ಕೊಡ್ತಾ ಇದ್ರು."

ಕ್ಲೆಮೆನ್ಸಿಯಾ ರೊಮಾನಾಳ ಕಡೆ ತಿರುಗಿದಳು. "ನೀವು ನಿನ್ನೆ..."

"ಹೌದು, ಕೊಮಾದ್ರೆ."

ರೈಲು ಕೂಗಿತು. ಅದು ನಿಲ್ಲುವ ಹೊತ್ತಿಗೆ ಹೊಟ್ಟೆಯಲ್ಲಿ ತ್ರೊಂಪಿಯೊ ಎದ್ದು ಕೂತಿತ್ತು. ಅವಳು ಕುರ್ಚಿಯ ಕೈ ಹಿಡಿದಳು, ಕುರ್ಚಿ ಸಮೇತ ಉರುಳಿದಳು, ಮೊದಲ ದರ್ಜೆಯ ಕಿಟಕಿಗಳ ನೇರಕ್ಕೆ ಮೊಣಕಾಲೂರಿ ವಾಂತಿ ಮಾಡಿಕೊಂಡಳು. ಕಿಟಕಿಯೊಳಗಿನ ಹ್ಯಾಟು ಹಾಕಿದ ಹೆಂಗಸೊಬ್ಬಳು ಪರದೆ ಎಳೆದುಕೊಂಡಳು. ಆ ಕಿಟಕಿಯನ್ನು ರೊಮಾನಾ ಹೊರಗಿನಿಂದ ಬೆರಳಲ್ಲಿ ತಟ್ಟಿದಳು. ಇಪ್ಪತ್ತೆರಡು ವರ್ಷದ ಮೇಲೆ ತಂದ ತನ್ನ ತಟ್ಟೆಯ ಬಟ್ಟೆ ತೆಗೆದು, ನೆಲದ ಮೇಲಿದ್ದವಳ ಕಾಲು ದಾಟಿ ನಿಂತು, "ಅಸಾದೆರೊ, ಬಿಸಿ ಅಸಾದೆರೊ," ಎಂದು ಕೂಗಿದಳು. ಗಾಡಿ ಹೊರಡುವ ಮೊದಲೇ ತಟ್ಟೆ ಖಾಲಿಯಾಯಿತು.

ಕ್ಲೆಮೆನ್ಸಿಯಾ ಸಾಯಲಿಲ್ಲ. ಎರಡು ದಿನ ಮಲಗಿದಳು. ಹೆಂಡತಿಯ ನಾಲಿಗೆ ಕೆಟ್ಟದ್ದನ್ನು ಯಾಕೆ ಹೇಳಲಿಲ್ಲವೆಂದು ಪಾದ್ರಿ ಗುಮೆರ್ಸಿಂದೊನನ್ನು ಕೇಳಿದರು. "ಯಾವತ್ತಾದ್ರೂ ನನ್ನ ಕೇಳಿದ್ದಿದ್ರೆ ಹೇಳ್ತಿದ್ದೆ, ಫಾದರ್," ಎಂದ ಅವನು.

ಮೂರನೆಯ ದಿನ ರೊಮಾನಾ ಕೋಳಿಸಾರು ಹಿಡಿದುಕೊಂಡು ಬಂದಳು. ತಲೆ ಸವರಿದಳು. "ಕೊಪ್ಪರಿಗೆ ತಿರುವೋಕೆ ಒಬ್ಬರು ಬೇಕು," ಎಂದಳು. "ದಿನಕ್ಕೆ ಎರಡು ಲೀಟರ್."

ಹಾಲಿನವನು ಆಗಲೇ ಹಾಲನ್ನು ರೊಮಾನಾಳ ಮನೆಗೆ ಹಾಕತೊಡಗಿದ್ದ. ಕ್ಲೆಮೆನ್ಸಿಯಾ ಹೋದಳು.

ಈಗಲೂ ಬೆಳಿಗ್ಗೆ ರೊಮಾನಾಳ ಅಂಗಳಕ್ಕೆ ಹೆಂಗಸರು ಏನಾದರೊಂದು ನೆಪ ಮಾಡಿಕೊಂಡು ಬರುತ್ತಾರೆ. ಒಬ್ಬಳಿಗೆ ಹೆಪ್ಪು ಬೇಕು, ಒಬ್ಬಳಿಗೆ ಬೆಂಕಿ ಬೇಕು. ರೊಮಾನಾ ನೆನೆಸಿದ ನೀರಿನ ತೊಟ್ಟನ್ನು ತನ್ನ ನಾಲಿಗೆಗೆ ಬಿಟ್ಟುಕೊಂಡು ಜಪ ಮುಗಿಸಿ, ಬೇಕಾದಷ್ಟು ನೀರು ಬೆರೆಸಿ, ಅಳತೆ ಗೊತ್ತುಮಾಡಿಕೊಳ್ಳುತ್ತಾಳೆ. ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಚಮಚ ಅದ್ದಿ ಕ್ಲೆಮೆನ್ಸಿಯಾಳ ಮುಂದೆ ಹಿಡಿಯುತ್ತಾಳೆ.

"ನೋಡಿ ಹೇಳಿ, ಕೊಮಾದ್ರೆ. ನಿಮ್ಮಷ್ಟು ಗೊತ್ತಿರೋರು ಯಾರಿದಾರೆ."

ಅಂಗಳದವರೆಲ್ಲ ತಿರುಗಿ ನೋಡುತ್ತಾರೆ. ಕ್ಲೆಮೆನ್ಸಿಯಾ ಹುಟ್ಟು ಬಿಟ್ಟು ಬಾಯಿ ತೆರೆಯುತ್ತಾಳೆ. ತೊಟ್ಟು ಬೀಳುತ್ತದೆ. ಅದು ಕೆಲವು ದಿನ ಹಣ್ಣಿನ ನೀರು, ಕೆಲವು ದಿನ ಬಾವಿಯ ನೀರು, ಒಂದು ದಿನ ಕೋಳಿಗಳ ತೊಟ್ಟಿಯದೂ ಆಗಿತ್ತು. ಅವಳು ಕಣ್ಣು ಮುಚ್ಚಿ, ಗಟ್ಟಿಯಾಗಿ, ಒಂದಕ್ಷರವೂ ಬಿಡದೆ ನಮೋ ಮರಿಯಾ ಹೇಳುತ್ತಾಳೆ. ಜಪದಲ್ಲಿ ಪಾಪಿಗಳು ಬರುತ್ತಾರೆ, ಮರಣದ ವೇಳೆ ಬರುತ್ತದೆ, ಆಮೆನ್ ಬರುತ್ತದೆ.

"ಸರಿಯಾಗಿದೆ," ಎನ್ನುತ್ತಾಳೆ, ಮತ್ತೆ ತಿರುವುತ್ತಾಳೆ.